ಹೆಗಲಪಟ್ಟಿ

ವೆಂಕಟರಾಮಪ್ಪನವರು ಊರುಗೋಲಿನ ತುದಿಯಿಂದ ಆ ಚರ್ಮದ ಪಟ್ಟಿಯನ್ನು ಮೇಲೆತ್ತಿ, ಸತ್ತ ಹಾವನ್ನು ನೋಡುವ ಹಾಗೆ ನೋಡಿ, ಮತ್ತೆ ಕೆಳಗೆ ಬಿಟ್ಟು, ಜಗಲಿಯ ಅಂಚಿಗೆ ಬಂದು ಬೀದಿಗೆ ಪಿಚಕ್ಕನೆ ಉಗಿದರು. ಉಗಿದದ್ದು ಅಸಹ್ಯಕ್ಕೋ, ಬಾಯಿ ತುಂಬ ಇದ್ದ ಹೊಗೆಸೊಪ್ಪಿನ ರಸಕ್ಕೋ ಹೇಳುವುದು ಕಷ್ಟ. ಎರಡಕ್ಕೂ ಇರಬೇಕು.

"ಇದು ನಮ್ಮ ಹುಳುಮನೆಗೆ ಬರಂಗಿಲ್ಲ," ಅಂದರು. "ಏನ್ರೀ ಗಂಗುಲಪ್ಪನವರೇ, ಸಿನಿಮಾ ತೆಗೀತೀವಿ ಅಂದ್ರಿ, ಆಗ್ಲಿ ಅಂದೆ. ತೊಗಲು ತಂದು ಮನೆ ಮುಂದೆ ಹಾಕ್ತೀವಿ ಅಂತ ಹೇಳಿರ್ಲಿಲ್ವಲ್ಲ?"

ಜಗಲಿಯ ಮೇಲೆ ಎರಡು ಸಾಮಾನು ಇದ್ದವು. ಒಂದು ಈ ಚರ್ಮದ ಹೆಗಲಪಟ್ಟಿ: ಅಂಗೈ ಅಗಲ, ಹೆಗಲಿನಿಂದ ಎದೆಗೆ ಇಳಿದು ಸೊಂಟದ ಪಟ್ಟಿಗೆ ಕೂಡುವಂಥದ್ದು, ಮುಂದೆ ಕ್ಯಾಮರಾದ ತಿರುಪು ಕೂರಲು ಒಂದು ಹಲಗೆ ತುಂಡು. ಇನ್ನೊಂದನ್ನು ವೆಂಕಟರಾಮಪ್ಪನವರ ಮಾತಿನಂತೆ ಜಂಗಮಕೋಟೆಯ ಬಡಗಿ ಬಯ್ಯಪ್ಪಾಚಾರಿ ಜಾಲಿ ಮರದಲ್ಲಿ ಕೆತ್ತಿ ತಂದಿದ್ದ. ಅದಕ್ಕೆ ಹೆಗಲು ತಾಗುವ ಕಡೆ ಗೋಣಿಚೀಲದ ಮೆತ್ತೆ, ಕೆಳಗೆ ಹಿಡಿದುಕೊಳ್ಳಲು ಒಂದು ಗೂಟ. ನೋಡಿದವರು ಕರುವಿಗೆ ಮಾಡಿಸಿದ ನೊಗ ಅನ್ನಬೇಕು, ಹಾಗಿತ್ತು. ಎರಡೂ ಹುಟ್ಟಿದ್ದು ಒಂದೇ ಕೆಲಸಕ್ಕೆ. ಕೋನಪ್ಪನ ಬಲಹೆಗಲ ಮೇಲೆ ಸಿನಿಮಾ ಕ್ಯಾಮರಾ ಅಲ್ಲಾಡದಂತೆ ನಿಲ್ಲಬೇಕು, ಅಷ್ಟೇ.

ಕೋನಪ್ಪ ಕ್ಯಾಮರಾದವನು. ಗಂಗುಲಪ್ಪನವರು ಬೆಂಗಳೂರಿನಲ್ಲಿ ಸರಕಾರಕ್ಕೆ ಸಣ್ಣಪುಟ್ಟ ಚಿತ್ರ ಮಾಡಿಕೊಡುವ ಗುತ್ತಿಗೆದಾರರು. ಟೂರಿಂಗ್ ಟಾಕೀಸಿನಲ್ಲಿ ದೊಡ್ಡ ಸಿನಿಮಾಕ್ಕೆ ಮುಂಚೆ ಹತ್ತು ನಿಮಿಷ ತೋರಿಸಿ, ಜನ ಬೀಡಿ ಸೇದಲು ಆಚೆ ಹೋಗುವಂತೆ ಮಾಡುತ್ತಾರಲ್ಲ, ಆ ಜಾತಿಯ ಚಿತ್ರಗಳು. ಈ ಸಲದ್ದು ರೇಷ್ಮೆ. ಮಾದರಿ ರೈತರು ಬೇಕು ಅಂದಾಗ ಯಾರೋ ವೆಂಕಟರಾಮಪ್ಪನವರ ಹೆಸರು ಹೇಳಿದ್ದರು. ಮೂವತ್ತು ಎಕರೆ, ಅದರಲ್ಲಿ ನಾಲ್ಕು ಎಕರೆ ಹಿಪ್ಪುನೇರಳೆ, ಎರಡು ಬಾವಿ, ಹೆಂಚಿನ ಹುಳುಮನೆ. ಮಾದರಿ ಅನ್ನುವುದಕ್ಕೆ ಇನ್ನೇನು ಬೇಕು?

"ಯಾರು ಹೊಲ್ದಿದ್ದಯ್ಯ ಇದನ್ನ?" ವೆಂಕಟರಾಮಪ್ಪನವರು ನೇರವಾಗಿ ಕೋನಪ್ಪನನ್ನೇ ಕೇಳಿದರು.

ಇದೊಂದು ಪ್ರಶ್ನೆ ಬರುತ್ತದೆ ಎಂದು ಕೋನಪ್ಪನಿಗೆ ಗೊತ್ತಿತ್ತು. ನಿನ್ನೆ ಸಾಯಂಕಾಲವೇ ಮನೆಯಲ್ಲಿ ಅದಕ್ಕೆ ಉತ್ತರವನ್ನೂ ಕೊಟ್ಟು ಬಂದಿದ್ದ, ಮಾತೂ ಕೊಟ್ಟು ಬಂದಿದ್ದ.

"ಚಿಂತಾಮಣಿ ಸಂತೇಲಿ ತಗೊಂಡೆ ಯಜಮಾನ್ರೇ," ಅಂದ.

ಹೇಳಿದ ಮೇಲೆ ನಾಲಿಗೆ ಮೇಲೆ ಏನೋ ಹಳಸಿದ್ದು ಇಟ್ಟ ಹಾಗಾಯಿತು.

ಆರು ದಿನದ ಹಿಂದೆ ಅವರು ಮೊದಲ ಸಲ ಇಲ್ಲಿಗೆ ಬಂದಾಗ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಕಲ್ಲಿನ ಹಾಗೆ ಕೂತಿರುತ್ತವೆ. ಅದಕ್ಕೆ ಜ್ವರ ಅನ್ನುವುದು. ಆಗ ಮನೆಯೊಳಗೆ ಗಟ್ಟಿಯಾಗಿ ಮಾತು ಕೂಡ ಆಡುವುದಿಲ್ಲ. ಅಂಥ ಹೊತ್ತಿನಲ್ಲಿ ಗಂಗುಲಪ್ಪನವರು ಕ್ಯಾಮರಾದ ಮೂರು ಕಾಲಿನ ಸ್ಟ್ಯಾಂಡನ್ನು ಒಳಗೆ ನುಗ್ಗಿಸಿದ್ದರು. ತಟ್ಟೆಗಳ ಸಾಲಿಗೂ ಸಾಲಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಡೆಯುವಷ್ಟೇ ಜಾಗ. ಸ್ಟ್ಯಾಂಡಿನ ಒಂದು ಕಾಲು ಹೋಗಿ, ಇರುವೆ ಹತ್ತದಂತೆ ತಟ್ಟೆಗಂಬದ ಬುಡಕ್ಕೆ ಇಟ್ಟಿದ್ದ ನೀರಿನ ಬೋಗುಣಿಯನ್ನು ಉರುಳಿಸಿತು. ವೆಂಕಟರಾಮಪ್ಪನವರ ಹೆಂಡತಿ ವರಲಕ್ಷ್ಮಮ್ಮ ಹುಳುಮನೆಯ ಒಡತಿ. ಹುಳ ಸಾಕುವುದು, ಸೊಪ್ಪು ಹಾಕುವುದು, ಕೂಲಿಯವರನ್ನು ಗದರುವುದು ಎಲ್ಲ ಆಕೆಯದೇ. ಗಂಡನದು ಗೂಡು ಮಾರಿ ಬರುವಾಗ ಜರಿ ಪೇಟ ಸುತ್ತಿಕೊಳ್ಳುವುದು ಮಾತ್ರ. ಆಕೆ ಸೊಂಟಕ್ಕೆ ಸೆರಗು ಸಿಕ್ಕಿಸಿ, "ಆ ಮೂರು ಕಾಲಿನ ದೆವ್ವಾನ ಆಚೆ ಇಡ್ರಪ್ಪೋ! ಎರಡು ಕಾಲಿನೋರು ಬೇಕಾದ್ರೆ ಬನ್ನಿ," ಅಂದುಬಿಟ್ಟಿದ್ದರು.

ಕೋನಪ್ಪನಿಗೆ ಆಕೆಯ ಮಾತು ಇಷ್ಟವಾಗಿತ್ತು. ಹೆಗಲಿಗೆ ಕಟ್ಟಿಕೊಳ್ಳುವಂಥದ್ದು ಒಂದು ಮಾಡಿಸಿ ತರುತ್ತೇನೆ, ಹುಳ ದೊಡ್ಡ ಮೇವಿಗೆ ಬಂದಾಗ ಮತ್ತೆ ಬರೋಣ ಅಂದಿದ್ದ. ಆವತ್ತು ಉಳಿದ ಹೊತ್ತಿನಲ್ಲಿ ಹಿತ್ತಲ ತೋಟದ ಬಾವಿಯಲ್ಲಿ ಕಪಿಲೆ ಹೊಡೆಯುವುದನ್ನು ಚಿತ್ರ ತೆಗೆದರು. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆಯುತ್ತ ಇಳಿದವು, ನೀರು ತುಂಬಿದ ಚರ್ಮದ ಚೀಲ ಬಾವಿಯಿಂದ ಮೇಲೆ ಬಂತು. ಕೋನಪ್ಪ ಕ್ಯಾಮರಾಕ್ಕೆ ಕಣ್ಣಿಟ್ಟವನು ಹಾಗೇ ನಿಂತುಬಿಟ್ಟ. ಚೀಲದ ಬಾಯಿ ಅಂಚಿನಲ್ಲಿ ಮೂರು ಹೊಲಿಗೆ, ಒಂದು ಗಂಟು. ಮತ್ತೆ ಮೂರು ಹೊಲಿಗೆ, ಒಂದು ಗಂಟು. ಈ ಸೀಮೆಯಲ್ಲಿ ಹಾಗೆ ಹೊಲಿಯುವವನು ಒಬ್ಬನೇ.

"ಚಿಂತಾಮಣಿ ಸಂತೇಲಿ ತಂದಿದ್ದು," ವೆಂಕಟರಾಮಪ್ಪನವರು ಹೆಮ್ಮೆಯಿಂದ ಹೇಳಿದ್ದರು. "ಮೂರು ವರ್ಷ ಆಯ್ತು, ಒಂದು ತೊಟ್ಟು ಸೋರಿಲ್ಲ ಕಣಯ್ಯ. ಹೊಲ್ದೋನು ಯಾವನೋ, ಕೈಗೆ ಕಡಗ ಹಾಕ್ಬೇಕು." ಆ ಮಾತಿನ ಬೆನ್ನಿಗೇ ಕೇಳಿದ್ದರು: "ಅಂದಂಗೆ ನೀವು ಯಾವ ಪೈಕಿಯಪ್ಪ?"

ಕೋನಪ್ಪ ಬಾಯಿ ತೆರೆಯುವ ಮುಂಚೆ ಗಂಗುಲಪ್ಪನವರು, "ನಮ್ಮೋರೇ ಅಂದ್ಕೊಳ್ಳಿ ಸ್ವಾಮಿ, ನಮ್ಮೋರೇ," ಎಂದು ನಕ್ಕಿದ್ದರು. ಕೋನಪ್ಪ ತಲೆ ತಗ್ಗಿಸಿ ಲೆನ್ಸ್ ಒರೆಸಿದ. ಒರೆಸಲು ಅದರ ಮೇಲೆ ಏನೂ ಇರಲಿಲ್ಲ.

ಆವತ್ತೇ ಬಸ್ಸು ಹತ್ತಿ ಕೆಂಚಾರ್ಲಹಳ್ಳಿಯ ತನ್ನ ಕೇರಿಗೆ ಹೋದ. ಅವನು ಕಾಗದದ ಮೇಲೆ ಬರೆದ ನಕ್ಷೆಯನ್ನು ಅಪ್ಪ ಮುನಿಗಂಗಪ್ಪ ತಿರುಗಾಮುರುಗಾ ಮಾಡಿ ನೋಡಿ, ಕಾಗದ ಪಕ್ಕಕ್ಕಿಟ್ಟು, ಮಗನ ಹೆಗಲನ್ನು ಗೇಣಿನಲ್ಲಿ ಅಳೆದಿದ್ದ. ಮೂವತ್ತು ವರ್ಷದ ಮಗನ ಮೈ ಮುಟ್ಟಿ ಎಷ್ಟು ಕಾಲವಾಗಿತ್ತೋ, ಅಳತೆ ಮುಗಿದ ಮೇಲೂ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ನಿನ್ನೆ ಪಟ್ಟಿ ಕೈಗೆ ಕೊಡುವಾಗ ಅಪ್ಪ ಹೇಳಿದ್ದ: "ಹುಳುಮನೆಗೆ ಅಂದ್ಯಲ್ಲ, ಎಣ್ಣೆ ಮುಟ್ಸಿಲ್ಲ ಕಣಪ್ಪ. ಹೊಂಗೆಣ್ಣೆ ಹಚ್ಚಿದ್ರೆ ತೊಗಲು ಮೆತ್ತಗಾಗೋದು. ಆದ್ರೆ ಎಣ್ಣೆ ವಾಸ್ನೆ ಹುಳಕ್ಕಾಗಲ್ಲ. ಮೂರು ದಿನ ನೀರಲ್ಲಿ ಹಾಕಿ, ಎರಡು ದಿನ ಗಾಳೀಗೆ ಹಾಕಿದ್ದೀನಿ. ಮೂಸಿ ನೋಡು."

ಮೂಸಿದರೆ ಚರ್ಮ ಹದ ಮಾಡುವ ತಂಗಡಿ ಚಕ್ಕೆಯ ಒಗರು ವಾಸನೆ ಮಾತ್ರ.

"ಐದು ದಿನದಿಂದ ನಿಮ್ಮಪ್ಪ ಬಾಯಿಗೆ ಹೊಗೆಸೊಪ್ಪು ಹಾಕಿಲ್ಲ ಕಣೋ," ಅಮ್ಮ ಕೊಂಡಮ್ಮ ಒಲೆ ಮುಂದಿನಿಂದಲೇ ದೂರು ಹೇಳಿದಳು. "ಹೊಗೆಸೊಪ್ಪಿನ ಕೈ ತಾಗಿದ್ರೆ ಹುಳ ಸಾಯ್ತವೆ ಅಂತ. ಹೊಗೆಸೊಪ್ಪಿಲ್ದೆ ಮನೇಲಿ ಎಲ್ರ ಮೇಲೂ ಹಾರಾಡಿ ಬಿಟ್ಟ."

"ಕೂಲಿಗೆ ಹೋಗ್ತಿದ್ದಾಗ ನೋಡಿದ್ದೀನಲ್ಲ," ಅಂದ ಅಪ್ಪ. "ಒಂದು ಚಿಟಿಕೆ ಪುಡಿ ಸಾಕು, ತಟ್ಟೆ ತಟ್ಟೇನೇ ಕಾರ್ಕೊಂಡು ಸಾಯ್ತವೆ." ಆಮೇಲೆ ಹಿಂದುಮುಂದು ನೋಡುತ್ತ ಕೇಳಿದ: "ಯಾರು ಹೊಲ್ದಿದ್ದು ಅಂತ ಅಲ್ಲಿ ಕೇಳಿದ್ರೆ ಏನಂತೀಯಾ?"

"ನಮ್ಮಪ್ಪ ಅಂತೀನಿ," ಅಂದಿದ್ದ ಕೋನಪ್ಪ. "ಇನ್ನೇನಂತಾರೆ?"

ಮುನಿಗಂಗಪ್ಪ ಐದು ದಿನದ ಮೇಲೆ ಒಂದು ಚೂರು ಹೊಗೆಸೊಪ್ಪು ಬಾಯಿಗೆ ಹಾಕಿಕೊಂಡ.

ಆ ಗಂಡಸುತನವೆಲ್ಲ ಈಗ ಎಲ್ಲಿ ಹೋಯಿತು? ಒಂದು ಜಗಲಿ, ಒಂದು ಊರುಗೋಲು, ಒಂದು ಪ್ರಶ್ನೆ. ಅಷ್ಟಕ್ಕೇ ಅಪ್ಪನನ್ನು ಸಂತೆಯಲ್ಲಿ ಬಿಟ್ಟು ಬಂದಾಗಿತ್ತು.

"ಯಜಮಾನ್ರು ಅಷ್ಟು ಪ್ರೀತಿಯಿಂದ ಮಾಡ್ಸಿಕೊಟ್ಟಿದ್ದಾರೆ, ಇದೇ ಇರ್ಲಿ ಕೋನಪ್ಪ," ಗಂಗುಲಪ್ಪನವರು ಮರದ್ದನ್ನು ಎತ್ತಿ ಅವನ ಕೈಗಿತ್ತರು. ಕಿವಿಯ ಹತ್ತಿರ ಬಂದು, "ಮುಂದಿನ ತಿಂಗಳಿಂದ ನಿನ್ನ ಕೆಲ್ಸ ಖಾಯಂ ಮಾಡ್ಬೇಕು ಅಂತಿದ್ದೀನಿ. ಒಂದು ನೊಗದ ವಿಷಯಕ್ಕೆ ಕೆಡಿಸ್ಕೋಬ್ಯಾಡಪ್ಪ," ಅಂದರು. ಗಂಗುಲಪ್ಪನವರ ದನಿ ಯಾವಾಗಲೂ ಹಾಗೆಯೇ, ಜೇನು ಸವರಿದ ಕತ್ತರಿ.

ಕೋನಪ್ಪ ಮರದ್ದನ್ನು ಹೆಗಲಿಗೆ ಏರಿಸಿದ. ಕೊರಳೆಲುಬಿಗೆ ಕಚ್ಚಿತು. ಮೆತ್ತೆಯಿಂದ ಘಾಟು ವಾಸನೆಯೊಂದು ಮೂಗಿಗೆ ಬಡಿದು ಎರಡು ಸಲ ಸೀನಿದ.

"ಇದರ ಗೋಣಿ ಎಲ್ಲೀದು ಆಚಾರ್ರೇ?" ಎಂದು ಕೇಳಿದ.

"ಯಜಮಾನ್ರೇ ಉಗ್ರಾಣದಿಂದ ಕೊಟ್ರು," ಅಂದ ಬಯ್ಯಪ್ಪಾಚಾರಿ. "ಶುದ್ಧವಾಗಿರೋದೇ ಹಾಕು ಅಂತ ಹೇಳೇ ಕೊಟ್ರು."

ಕೋನಪ್ಪ ಮತ್ತೆ ಮೂಸಿದ. ಪಕ್ಕದಲ್ಲೇ ನಿಂತ ವೆಂಕಟರಾಮಪ್ಪನವರ ಬಾಯಿಂದಲೂ ಅದೇ ವಾಸನೆ. ಅವರದೇ ಇರಬೇಕು, ಇನ್ನೇನು, ಎಂದುಕೊಂಡ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಇನ್ನೊಂದು ಸಲ ಕೇಳಿದರೆ ಜಗಳ, ಜಗಳವಾದರೆ ಪ್ರಶ್ನೆ, ಪ್ರಶ್ನೆ ಬಂದರೆ ಮತ್ತೆ ಅಪ್ಪ. ಬೇಡ ಬಿಡು.

ಹುಳುಮನೆಯ ಬಾಗಿಲಲ್ಲಿ ಎಲ್ಲರೂ ಕಾಲು ತೊಳೆದರು. ಹೊಸ್ತಿಲಿಗೆ ಸುಣ್ಣದ ಪುಡಿ, ಮೇಲೆ ಬೇವಿನ ಸೊಪ್ಪು. ವೆಂಕಟರಾಮಪ್ಪನವರೂ ಬಾಯಿ ಮುಕ್ಕಳಿಸಿ, ಕೈ ತಿಕ್ಕಿ ತೊಳೆದು ಬಂದರು. ಆ ವಿಷಯದಲ್ಲಿ ಹೆಂಡತಿಯ ಕಣ್ಣಿಗೆ ಹೆದರುತ್ತಿದ್ದರು. ಒಳಗೆ ಹುಳ ದೊಡ್ಡ ಮೇವಿನಲ್ಲಿದ್ದವು. ನೂರಿಪ್ಪತ್ತು ತಟ್ಟೆ, ಬಿರಬಿರನೆ ಸೊಪ್ಪು ತಿನ್ನುವ ಸದ್ದು ಮನೆಯ ತುಂಬ. ಇನ್ನು ಎರಡು ದಿನಕ್ಕೆ ಹಣ್ಣಾಗಿ ಚಂದ್ರಿಕೆಯ ಬಿದಿರು ತಟ್ಟಿಗೆ ಏರುತ್ತವೆ, ಗೂಡು ಕಟ್ಟುತ್ತವೆ. ತೆಳು ಬಿಳಿ ಮೈ, ಬೆರಳಿನಷ್ಟು ದಪ್ಪ. ವರಲಕ್ಷ್ಮಮ್ಮ ಒಂದೊಂದು ತಟ್ಟೆಗೂ ಸೊಪ್ಪು ಹರಡುತ್ತ, "ತಿನ್ರಮ್ಮ ತಿನ್ರಿ, ನಿಮ್ಮ ಹೊಟ್ಟೆ ತುಂಬ್ಲಿ, ನಾ ತಂಡ್ರುಲಾರಾ," ಎಂದು ಕನ್ನಡ ತೆಲುಗು ಎರಡರಲ್ಲೂ ಮುದ್ದಿಸುತ್ತಿದ್ದರು.

ಕಿಟಕಿ ತೆಗೆಸಿ, ತಗಡಿನ ಹಲಗೆಯಿಂದ ಬಿಸಿಲನ್ನು ಒಳಕ್ಕೆ ತಿರುಗಿಸಿದರು. ಕೋನಪ್ಪ ಎಡಗಡೆಯ ಸಾಲಿನ ಮೇಲೆ ಬಾಗಿದ. ಮರದ ನೊಗ ಒಂದು ಕಡೆ ವಾಲಿತು. ನೆಟ್ಟಗೆ ಮಾಡಿಕೊಂಡ, ಇನ್ನೊಂದು ಕಡೆ ವಾಲಿತು. ಗಂಗುಲಪ್ಪನವರು, "ಇನ್ನೂ ಬಗ್ಗು, ಇನ್ನೂ ಹತ್ರ, ಹುಳದ ಬಾಯಿ ಕಾಣ್ಬೇಕು," ಎಂದು ಬೆನ್ನ ಹಿಂದೆ ನಿಂತು ಅಪ್ಪಣೆ ಕೊಡಿಸುತ್ತಿದ್ದರು. ಬಗ್ಗಿದ. ಹೆಗಲ ಮೆತ್ತೆ ಜರುಗಿದಾಗಲೆಲ್ಲ ಅಂಗೈಯಿಂದ ಬಡಿದು ಕೂರಿಸಿದ. ಬಿಸಿಲ ಕೋಲಿನಲ್ಲಿ ಧೂಳು ಕೆಳಗೆ ಇಳಿಯುವುದು ಕ್ಯಾಮರಾದಲ್ಲೇ ಕಾಣಿಸಿತು. ಬಲು ಚಂದ ಬಂತು ಎಂದುಕೊಂಡನಲ್ಲ, ಆಮೇಲೆ ಅದನ್ನು ನೆನೆಸಿಕೊಂಡಾಗಲೆಲ್ಲ ಅವನಿಗೆ ತನ್ನ ಕಣ್ಣನ್ನೇ ಕಿತ್ತುಹಾಕಬೇಕು ಅನ್ನಿಸುತ್ತಿತ್ತು.

ಮಧ್ಯಾಹ್ನದ ಊಟ ಒಳಮನೆಯಲ್ಲಿ. ವೆಂಕಟರಾಮಪ್ಪನವರು ಕೋನಪ್ಪನನ್ನು ತಮ್ಮ ಪಕ್ಕದ ಎಲೆಗೇ ಕೂರಿಸಿಕೊಂಡರು. ಮುದ್ದೆ, ಅವರೆಕಾಳು ಹುಳಿ, ಮೇಲೆ ತುಪ್ಪ. "ಸಂಕೋಚ ಪಡ್ಬ್ಯಾಡಿ, ನಮ್ಮೋರೇ ಅಲ್ವಾ?" ಎಂದು ಎರಡನೇ ಮುದ್ದೆ ಹಾಕಿಸಿದರು. ಊಟವಾದ ಮೇಲೆ ಬೆಳ್ಳಿ ಲೋಟದಲ್ಲಿ ಕಾಫಿ, ಅದೂ ಎರಡು ಸಲ. ಆಚೆ ಜಗಲಿಯ ಮೂಲೆಯಲ್ಲಿ, ಮೆಟ್ಟು ಬಿಡುವ ಜಾಗದಲ್ಲಿ, ಅಪ್ಪನ ಪಟ್ಟಿ ಸುರುಳಿಯಾಗಿ ಬಿದ್ದಿರುವುದು ಬಾಗಿಲಿನಿಂದ ಕಾಣುತ್ತಿತ್ತು. ಕೋನಪ್ಪ ಅತ್ತ ನೋಡದಂತೆ ಲೋಟ ನೋಡಿಕೊಂಡು ಕುಡಿದ.

ಲೋಟ ಕೆಳಗಿಡುವ ಮುಂಚೆ ಹುಳುಮನೆಯಿಂದ ವರಲಕ್ಷ್ಮಮ್ಮನ ಕೂಗು ಬಂತು.

"ಅಯ್ಯಯ್ಯೋ, ಬನ್ರೋ! ನನ್ನ ಹುಳ! ಬನ್ರೋ!"

ಎಡಸಾಲಿನ ತಟ್ಟೆಗಳಲ್ಲಿ ಸೊಪ್ಪು ಹಾಗೇ ಇತ್ತು. ತಿನ್ನುವ ಸದ್ದಿಲ್ಲ. ಹುಳ ಎದೆ ಎತ್ತಿ, ತಲೆಯನ್ನು ಅತ್ತ ಇತ್ತ ಆಡಿಸುತ್ತ, ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಕೆಲವು ಮೈ ಕುಗ್ಗಿಸಿ ಅಡ್ಡ ಬಿದ್ದಿದ್ದವು. ನೋಡುತ್ತಿದ್ದ ಹಾಗೆ ಇನ್ನೊಂದು ತಟ್ಟೆಯಲ್ಲಿ ಶುರುವಾಯಿತು. ಹನ್ನೆರಡು ತಟ್ಟೆ, ಹದಿಮೂರು. ಕೋನಪ್ಪ ಬಾಗಿ ಬಾಗಿ ಚಿತ್ರ ತೆಗೆದ ತಟ್ಟೆಗಳು.

"ನಾನು ಹೇಳ್ಲಿಲ್ವಾ?" ವೆಂಕಟರಾಮಪ್ಪನವರು ಬಾಗಿಲಲ್ಲೇ ನಿಂತು ಅಬ್ಬರಿಸಿದರು. "ಬೆಳಿಗ್ಗೇನೇ ಹೇಳ್ಲಿಲ್ವಾ? ತೊಗಲು ತಂದು ಜಗಲಿ ಮೇಲೆ ಹಾಕಿದ್ರಲ್ಲ, ಮೈಲಿಗೆ ತಟ್ಟದೆ ಬಿಡ್ತದಾ? ಯಾವನ ಕೈದೋ, ಯಾವ ಕೇರೀದೋ! ಥೂ! ಮನೆ ಹೊಸ್ತಿಲಿಗೆ ಹೇಸಿಗೆ ತಂದ್ರಲ್ರೀ!"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಗಾದೆ ಮಾತ್ರವಲ್ಲ. ಗಂಗುಲಪ್ಪನವರು ಒಂದು ಗಳಿಗೆಯೂ ತಡಮಾಡದೆ ಬರೆ ಕಾಯಿಸಲು ಹೊರಟರು.

"ತಪ್ಪಾಯ್ತು ಸ್ವಾಮಿ, ಒಪ್ಕೊಳ್ತೀವಿ," ಎಂದು ಕೈ ಮುಗಿದರು. "ಅದನ್ನ ಈಗ್ಲೇ ಸುಟ್ಬಿಡ್ತೀವಿ. ಕೋನಪ್ಪ, ತಗೊಂಡು ಹೋಗಿ ಹುಣಿಸೇ ಮರದ ಕೆಳಗೆ ಸುಟ್ಟು ಬಾ. ತಗೋ ಬೆಂಕಿಪೊಟ್ಣ."

ಬೆಂಕಿಪೊಟ್ಟಣ ಕೋನಪ್ಪನ ಅಂಗೈಗೆ ಬಂತು. ಕಾಲು ತಾವಾಗಿಯೇ ಜಗಲಿಯ ಮೂಲೆಗೆ ನಡೆದವು. ಬಗ್ಗಿ ಪಟ್ಟಿ ಎತ್ತಿಕೊಂಡ. ಬಿಸಿಲಿಗೆ ಸ್ವಲ್ಪ ಕಾದಿತ್ತು. ಅಂಚಿನ ಮೇಲೆ ಹೆಬ್ಬೆರಳು ಹರಿಯಿತು: ಮೂರು ಹೊಲಿಗೆ, ಒಂದು ಗಂಟು. ಐದು ದಿನ ಹೊಗೆಸೊಪ್ಪು ಬಿಟ್ಟು ಹೊಲಿದದ್ದು.

ಹೊಗೆಸೊಪ್ಪು.

ಆಗ ಅವನಿಗೆ ಅಸಹ್ಯ ಬಂತು. ವೆಂಕಟರಾಮಪ್ಪನವರ ಮೇಲೆ ಬಂದದ್ದು ಆಮೇಲೆ. ಮೊದಲು ಬಂದದ್ದು ತನ್ನ ಮೇಲೆ. ಬೆಳಿಗ್ಗೆಯೇ ಮೂಗಿಗೆ ಗೊತ್ತಾಗಿತ್ತು. ಮೂಗಿಗೆ ಗೊತ್ತಾದದ್ದನ್ನು ಬಾಯಿ ನುಂಗಿತ್ತು. ಪೈಕಿ ಕೇಳಿದಾಗ ನುಂಗಿದ, ಅಪ್ಪನನ್ನು ನುಂಗಿದ, ವಾಸನೆಯನ್ನೂ ನುಂಗಿದ. ಈಗ ಆ ಮೂಕಪ್ರಾಣಿಗಳು ಇವನ ಬದಲಿಗೆ ಕಾರಿಕೊಳ್ಳುತ್ತಿವೆ.

ಬೆಂಕಿಪೊಟ್ಟಣ ಅಲ್ಲೇ ಬಿಸಾಕಿ, ಒಳಗೆ ಹೋಗಿ, ಗೋಡೆಗೆ ಒರಗಿಸಿದ್ದ ಮರದ ನೊಗವನ್ನು ಅಂಗಳಕ್ಕೆ ತಂದ. ಬಯ್ಯಪ್ಪಾಚಾರಿಯ ಕೈಯಿಂದ ಉಳಿ ಇಸಕೊಂಡು ಮೆತ್ತೆಯ ಹೊಟ್ಟೆ ಸೀಳಿದ. ಒಳಗಿನ ಗೋಣಿ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡಿತು. ಮಡಿಕೆಗಳ ಸಂದಿಯಿಂದ ಕಂದು ಪುಡಿ, ಎಲೆಯ ಚೂರು, ಒಣ ನಾರು ಕಲ್ಲುಚಪ್ಪಡಿಯ ಮೇಲೆ ಉದುರಿತು. ಬಯ್ಯಪ್ಪಾಚಾರಿ ಸೀನಿದ.

ವರಲಕ್ಷ್ಮಮ್ಮ ಹೊರಗೆ ಬಂದಿದ್ದರು. ಕೈಯಲ್ಲಿ ಹುಳದ ಹಸಿರು ನೀರು. ಕುಕ್ಕರಗಾಲಲ್ಲಿ ಕೂತು, ಆ ಪುಡಿಯನ್ನು ಒಂದು ಚಿಟಿಕೆ ಎತ್ತಿ ಮೂಸಿದರು.

"ಹೊಗೆಸೊಪ್ಪು," ಅಂದರು. ಗಂಡನ ಕಡೆ ತಲೆ ಎತ್ತಿದರು. "ನೀವು ತರಿಸ್ತೀರಲ್ಲ, ಆ ಚೀಲ. ಉಗ್ರಾಣದ್ದು."

"ಯಾವ... ಚೀಲ ಚೀಲಾನೇ ಕಣೇ. ನಮ್ಮನೇದು ಅದು. ಶುದ್ಧವಾಗಿತ್ತು," ವೆಂಕಟರಾಮಪ್ಪನವರು ತೊದಲಿದರು. ಆಮೇಲೆ ದನಿ ಸಿಕ್ಕಿತು. "ಅದು ಬೇರೆ, ಇದು ಬೇರೆ! ಮೈಲಿಗೆ ಮೈಲಿಗೇನೇ! ಆ ತೊಗಲು ಯಾವನು ಹೊಲ್ದಿದ್ದೋ ಏನೋ."

"ನಮ್ಮಪ್ಪ," ಅಂದ ಕೋನಪ್ಪ.

ಯಾರಿಗೂ ಒಂದೇ ಸಲಕ್ಕೆ ಅರ್ಥವಾಗಲಿಲ್ಲ.

"ಇದನ್ನ ಹೊಲ್ದೋರು ನಮ್ಮಪ್ಪ. ಕೆಂಚಾರ್ಲಹಳ್ಳಿ ಕೇರಿ ಮುನಿಗಂಗಪ್ಪ. ಸಂತೇಲಿ ತಗೊಂಡೆ ಅಂದಿದ್ದು ಸುಳ್ಳು. ಹುಳಕ್ಕಾಗಲ್ಲ ಅಂತ ಎಣ್ಣೆ ಮುಟ್ಸಿಲ್ಲ, ಐದು ದಿನ ಹೊಗೆಸೊಪ್ಪು ಮುಟ್ಟಿಲ್ಲ ಅವ್ರು. ಅದನ್ನ ಕಟ್ಕೊಂಡಿದ್ರೆ ಒಂದು ಹುಳಾನೂ ಸಾಯ್ತಿರ್ಲಿಲ್ಲ ಅಮ್ಮಾ. ಘಾಟು ನನಗೂ ಬಡೀತು, ಸುಮ್ಮನಿದ್ದೆ. ಅದು ನನ್ನ ತಪ್ಪು."

ಕೊನೆಯ ಮಾತನ್ನು ವರಲಕ್ಷ್ಮಮ್ಮನಿಗೆ ಹೇಳಿದ. ಆಕೆ ಕೈಯಲ್ಲಿದ್ದ ಪುಡಿಯನ್ನೇ ನೋಡುತ್ತಿದ್ದರು.

ವೆಂಕಟರಾಮಪ್ಪನವರ ಮುಖದ ಬಣ್ಣ ಬದಲಾಯಿತು. ಒಳಗೆ ತಟ್ಟೆ ತಟ್ಟೆ ಹುಳ ಸಾಯುತ್ತಿದ್ದವು. ಆದರೆ ಅವರ ಕಣ್ಣು ಹೋದದ್ದು ಒಳಮನೆಯ ಬಾಗಿಲಿಗೆ, ಅಲ್ಲಿಂದ ಕಾಣುವ ಎರಡು ಉಂಡ ಎಲೆಗಳಿಗೆ, ಅವುಗಳ ಪಕ್ಕದ ಬೆಳ್ಳಿ ಲೋಟಕ್ಕೆ.

"ನನ್ನ ಪಕ್ಕದಲ್ಲಿ ಕೂತು ಉಂಡ್ಯೇನೋ?" ಅಂದರು. ಊಟದ ಹೊತ್ತಿನ 'ನೀವು' ಎಲ್ಲಿ ಹೋಯಿತೋ. "ನಮ್ಮನೆ ಲೋಟಕ್ಕೆ ಬಾಯಿ ಇಟ್ಯೇನೋ? ಅಯ್ಯೋ, ನನ್ನ ತಂದೆ ಕಾಲದ ಲೋಟ ಕಣೋ ಅದು! ಎರಡು ಸಲ ಕುಡಿದ್ಯಲ್ಲೋ!"

"ಹುಳ ಸಾಯ್ತಿದ್ದಾವೆ," ವರಲಕ್ಷ್ಮಮ್ಮನ ದನಿ ತಣ್ಣಗಿತ್ತು. "ನೀವು ಲೋಟ ಎಣಿಸ್ತಾ ನಿಂತಿದ್ದೀರಾ?"

ಅವರಿಗೆ ಅದು ಕೇಳಿಸಲೇ ಇಲ್ಲ. ಪಂಚೆ ಎತ್ತಿಕಟ್ಟಿ, ಜನಿವಾರವಿಲ್ಲದ ಎದೆಯನ್ನು ಎರಡು ಕೈಯಲ್ಲಿ ಉಜ್ಜಿಕೊಳ್ಳುತ್ತ, ಥೂ ಥೂ ಎಂದು ಉಗಿಯುತ್ತ ಹಿತ್ತಲ ಬಾಗಿಲಿನಿಂದ ತೋಟದ ಕಡೆ ಓಡಿದರು. ವರಲಕ್ಷ್ಮಮ್ಮ ಒಳಗೆ ಹೋಗಿ, ಕೂಲಿ ಹೆಂಗಸರನ್ನು ಕರೆದು, ಬಲಸಾಲಿನ ತಟ್ಟೆಗಳನ್ನಾದರೂ ಉಳಿಸಲು ಒಂದೊಂದಾಗಿ ಹೊರಗಿನ ಚಪ್ಪರಕ್ಕೆ ಸಾಗಿಸತೊಡಗಿದರು. ಬಾಗಿಲು ದಾಟುವಾಗ ಕೋನಪ್ಪನ ಮುಂದೆ ಒಂದು ಗಳಿಗೆ ನಿಂತರು. ಬೈಯುತ್ತಾರೇನೋ ಎಂದುಕೊಂಡ. ಆಕೆ ಅವನ ಕೈಯಲ್ಲಿದ್ದ ಪಟ್ಟಿಯ ಅಂಚನ್ನು ಹಿಡಿದು, ಮೂಗಿನ ಹತ್ತಿರ ತಂದು ಮೂಸಿ, ಬಿಟ್ಟು ಹೋದರು.

ಗಂಗುಲಪ್ಪನವರು ಸಾಮಾನು ಕಟ್ಟುತ್ತಿದ್ದರು. ಜೇನು ಒಣಗಿ ಕತ್ತರಿ ಮಾತ್ರ ಉಳಿದಿತ್ತು.

"ಮಾನ ಕಳೆದ್ಯಲ್ಲೋ. ನಿನ್ನ ಉಳಿಸೋಣ ಅಂತ ನಾನು ಸುಳ್ಳು ಹೇಳಿದ್ರೆ, ನೀನೇ ಹರಿಶ್ಚಂದ್ರ ಆದ್ಯಾ? ನಾಳೆ ಬೆಂಗಳೂರಿಗೆ ಬಂದು ಕ್ಯಾಮರಾ ಒಪ್ಪಿಸಿ ಹೋಗು. ಖಾಯಂ ಬೇರೆ ಮಾಡ್ಬೇಕಿತ್ತಂತೆ ಇವನಿಗೆ!"

"ಆಗ್ಲಿ ಸಾರ್. ನಾಳೆ ತಾನೆ?" ಅಂದ ಕೋನಪ್ಪ.

ಅಪ್ಪನ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡ. ಎದೆಯ ಮೇಲಿಂದ ಇಳಿಸಿ, ಸೊಂಟಕ್ಕೆ ಬಿಗಿದು, ಕ್ಯಾಮರಾವನ್ನು ಹಲಗೆಗೆ ತಿರುಪಿದ. ಎಲ್ಲೂ ಕಚ್ಚಲಿಲ್ಲ. ಎಣ್ಣೆ ಕಾಣದ ಚರ್ಮ ಸ್ವಲ್ಪ ಬಿರುಸಾಗಿತ್ತು, ಅಷ್ಟೇ. ಒಂದು ಹೆಜ್ಜೆ ನಡೆದು ನೋಡಿದ, ಹತ್ತು ಹೆಜ್ಜೆ ನಡೆದ. ಕ್ಯಾಮರಾ ಮೈಗೆ ಅಂಟಿ ಬೆಳೆದ ಹಾಗೆ ನಿಂತಿತ್ತು. ಹಾಗೇ ನಡೆಯುತ್ತ ಹಿತ್ತಲು ದಾಟಿ, ಹಿಪ್ಪುನೇರಳೆ ಸಾಲಿನ ನಡುವೆ ಬಾವಿಯ ಹತ್ತಿರ ಬಂದ.

ಕಪಿಲೆ ನಡೆಯುತ್ತಿತ್ತು. ವೆಂಕಟರಾಮಪ್ಪನವರು ನೀರು ಬೀಳುವ ಕಲ್ಲುತೊಟ್ಟಿಯೊಳಗೆ ಇಳಿದು ನಿಂತು, "ಹೊಡಿಯೋ, ಬೇಗ ಹೊಡಿಯೋ!" ಎಂದು ಎತ್ತು ಹೊಡೆಯುವವನನ್ನು ಅವಸರಿಸುತ್ತಿದ್ದರು. ಹಗ್ಗ ಬಿಗಿಯಿತು, ರಾಟೆ ಕಿರುಗುಟ್ಟಿತು. ಕೋನಪ್ಪ ಕ್ಯಾಮರಾಕ್ಕೆ ಕೀಲಿ ಕೊಟ್ಟು, ಕಣ್ಣಿಟ್ಟು, ಗುಂಡಿ ಒತ್ತಿದ.

ಚೀಲ ತೊನೆಯುತ್ತ ಮೇಲೆ ಬಂತು. ಬಾಯಿ ಅಂಚಿನ ಮೂರು ಹೊಲಿಗೆ, ಒಂದು ಗಂಟು, ಒದ್ದೆಯಾಗಿ ಬಿಸಿಲಿಗೆ ಹೊಳೆಯಿತು. ನೀರು ದಬದಬನೆ ವೆಂಕಟರಾಮಪ್ಪನವರ ನೆತ್ತಿಯ ಮೇಲೆ ಬಿತ್ತು. ಅವರು ಬಾಯಿ ತುಂಬ ಹಿಡಿದು, ಗಳಗಳ ಮುಕ್ಕಳಿಸಿ, ಉಗಿದರು. ಮತ್ತೆ ಹಿಡಿದು ಉಗಿದರು. ಮೂರನೇ ಸಲ ಬೊಗಸೆಯಲ್ಲಿ ಹಿಡಿದು, 'ಗೋವಿಂದಾ' ಎಂದು ಗಟಗಟನೆ ಕುಡಿದರು.

"ಏಯ್, ಫಿಲ್ಮು ಯಾಕೋ ದಂಡ ಮಾಡ್ತೀಯಾ?" ಹಿಂದಿನಿಂದ ಗಂಗುಲಪ್ಪನವರ ಕೂಗು ಕೇಳಿಸಿತು.

ಅರ್ಧ ನಿಮಿಷಕ್ಕೆ ಕೀಲಿ ಮುಗಿದು ಕ್ಯಾಮರಾ ನಿಂತಿತು. ಕೋನಪ್ಪ ಮತ್ತೆ ಕೀಲಿ ತಿರುಗಿಸಿದ. ಎತ್ತುಗಳು ಹಿಂದಕ್ಕೆ ಹೆಜ್ಜೆ ಹಾಕಿದವು, ಚೀಲ ಬಾವಿಯೊಳಕ್ಕೆ ಇಳಿಯಿತು. ವೆಂಕಟರಾಮಪ್ಪನವರು ಕಣ್ಣು ಮುಚ್ಚಿ, ಎರಡು ಅಂಗೈ ಜೋಡಿಸಿ ಮುಂದೆ ಹಿಡಿದು, ಅದು ಮತ್ತೆ ಮೇಲೆ ಬರುವುದನ್ನು ಕಾಯುತ್ತ ನಿಂತಿದ್ದರು.